ಮೂರನೇ ಡಿಕ್ಕಿಯ ದೀಪ

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಶಿವಶರಣಪ್ಪನವರ ಕ್ಯಾರವಾನ್ ವಿಜಯಪುರದ ಜೋರಾಪುರ ಪೇಟೆಯಿಂದ ಬಬಲೇಶ್ವರಕ್ಕೆ ಹೊರಟಿತು. ಅದರ ಮೂರನೇ ಡಿಕ್ಕಿಯೊಳಗೆ ಎಲೆಕ್ಟ್ರಿಷಿಯನ್ ಶೈಲಶ್ರೀ ಇದ್ದಳು. ಚಾಲಕ ಸಂಗುವಿಗೆ ಅದು ಗೊತ್ತಿರಲಿಲ್ಲ.

ಹಳೆಯ ಮಿನಿ ಬಸ್ಸಿಗೆ ಹಾಸಿಗೆ, ಅಡುಗೆ ಕಟ್ಟೆ ಕೂಡಿಸಿ ಮಾಡಿಸಿದ ಗಾಡಿ ಅದು. ಪ್ರವಾಸಿಗರಿಗೆ ಬಾಡಿಗೆಗೆ ಹೋಗುತ್ತಿತ್ತು. ಕೆಳಗೆ ಸಾಮಾನಿಡಲು ಆರು ಡಿಕ್ಕಿ, ಒಂದೊಂದರಲ್ಲೂ ಒಂದು ದೀಪ. ಬಾಗಿಲು ತೆರೆದರೆ ದೀಪ ಹತ್ತಬೇಕು. ಮುಚ್ಚಿದರೆ ಚೌಕಟ್ಟಿನ ಗುಂಡಿ ಒತ್ತಿಕೊಂಡು ಆರಬೇಕು. ಯಾವುದಾದರೂ ದೀಪ ಉರಿಯುತ್ತಿದ್ದರೆ ಡ್ರೈವರ್ ಮುಂದೆ ಒಂದು ಕೆಂಪು ದೀಪ ಹತ್ತುತ್ತದೆ. ಹದಿನೈದು ದಿನದಿಂದ ಅದು ಆರಿರಲಿಲ್ಲ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ತಿಕೋಟಾದಿಂದ ಶೈಲಶ್ರೀಯನ್ನು ಕರೆಸಿದ್ದು ಅದಕ್ಕೇ.

ಅವಳು ಸಂಗುವಿನ ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ, ಒಂದೊಂದೇ ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿ ನೋಡಿದಳು. ಐದರಲ್ಲಿ ದೀಪ ಆರಿತು, ಮೂರನೆಯದರಲ್ಲಿ ಆರಲಿಲ್ಲ. ಬಾಗಿಲಿಗೂ ಗುಂಡಿಗೂ ಎಷ್ಟು ಅಂತರ ಉಳಿಯುತ್ತದೆಂದು ಒಳಗಿನಿಂದಲೇ ನೋಡಬೇಕಿತ್ತು. ತನ್ನ ಚೀಲ, ಫೋನು ರಸ್ತೆ ಬದಿಯ ಕಟ್ಟೆಯ ಮೇಲಿಟ್ಟು, ಸಂಗುವಿನ ಮೊಬೈಲ್, ಒಂದು ಸ್ಕ್ರೂಡ್ರೈವರ್ ಹಿಡಿದು, ಮೊಣಕಾಲು ಎದೆಗೆ ಮಡಚಿ ಒಳಸೇರಿದಳು. ಶಿವಶರಣಪ್ಪ ಬಾಗಿಲು ಒತ್ತಿದರು. ಚಿಲಕ ಹೊರಗಿನಿಂದ ಮಾತ್ರ ತೆಗೆಯುವಂಥದು.

ಕೆಂಪು ದೀಪ ನೋಡಲು ಅವರು ಗಾಡಿಯ ಹಿಂದಿನಿಂದ ಬಳಸಿ ಹೊರಟರು. ಅಷ್ಟರಲ್ಲಿ ಅವಳು ಹೆಬ್ಬೆರಳಿನಿಂದ ಗುಂಡಿ ಒತ್ತಿದ್ದಳು. ಊಟ ಮುಗಿಸಿ, ಕೊಟ್ಟ ಮೊಬೈಲ್ ಮರೆತು, ಆಗಷ್ಟೇ ಸೀಟಿನಲ್ಲಿ ಕೂತಿದ್ದ ಸಂಗುವಿನ ಮುಂದೆ ಕೆಂಪು ದೀಪ ಆರಿತು. ದೀಪ ಆರಿದರೆ ರಿಪೇರಿ ಆದಂತೆ, ಹೊರಟುಬಿಡು ಎಂದು ಬೆಳಿಗ್ಗೆ ಹೇಳಿದ್ದವರು ಶಿವಶರಣಪ್ಪನವರೇ. ಅವನು ಹೊರಟ.

ಶೈಲಶ್ರೀ ಬಾಗಿಲು ಬಡಿದಳು. ಮುಂದೆ ಹಾಡು ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಸಂಗುವಿನ ಮೊಬೈಲ್ ರಿಂಗಾಯಿತು.

"ಲೇ ಸಂಗು, ಗಾಡಿ ನಿಲ್ಲಸಲೇ!" ಶಿವಶರಣಪ್ಪ ಏದುಸಿರು ಬಿಡುತ್ತಿದ್ದರು.

"ನಾನ್ರಿ, ಶೈಲಶ್ರೀ."

"ಸಂಗೂಗ ಫೋನ್ ಕೊಡವಾ."

"ಹೆಂಗ ಕೊಡ್ಲಿರಿ? ಅವ ಮುಂದ ಗಾಡಿ ಹೊಡ್ಯಾಕತ್ತಾನ, ನಾ ಡಿಕ್ಕ್ಯಾಗ ಅದೀನಿ."

ಶಿವಶರಣಪ್ಪ ಬೈಕ್ ತಗೊಂಡು ಬೆನ್ನತ್ತುವುದಾಗಿ ಹೇಳಿದರು. ಗುಂಡಿ ಒತ್ತಿ ಬಿಟ್ಟು ಕೆಂಪು ದೀಪ ಮಿಣುಕಿಸಿದರೆ ನಿಲ್ಲಿಸುತ್ತಾನೆಯೇ ಎಂದು ಅವಳು ಕೇಳಿದಳು.

"ದೀಪ ಹತ್ತಿದ್ರ ಡ್ಯಾಶ್‌ಬೋರ್ಡಿಗೆ ಎರಡು ಬಡೀತಾನ, ಹೊಡಕೋತ ಹೋಗ್ತಾನ. ಹದಿನೈದು ದಿನ ಅದನ್ನ ಮಾಡ್ಯಾನ," ಎಂದರು. ವಿಡಿಯೊ ತೆಗೆದು ಸೋತಿದ್ದ ಮೊಬೈಲ್ ಅಲ್ಲಿಗೇ ಬಂದ್ ಆಯಿತು.

ತಗಡು ಕಾದಿತ್ತು. ಕಾಲು ಚಾಚಲು ಜಾಗವಿರಲಿಲ್ಲ. ತಲೆ ಎತ್ತಿದರೆ ಮೇಲಿನ ಕಬ್ಬಿಣ ತಾಗುತ್ತಿತ್ತು. ಡೀಸೆಲ್ ವಾಸನೆ ಒಳಬರುತ್ತಿತ್ತು. ಬಬಲೇಶ್ವರದವರೆಗೆ ಇನ್ನೂ ಅರ್ಧ ತಾಸಿನ ದಾರಿ. ಉಸಿರು ಗಿಡ್ಡದಾಗುತ್ತಿರುವುದು ಅವಳಿಗೆ ತಿಳಿಯಿತು. ಕಣ್ಣನ್ನು ಆ ಸಣ್ಣ ದೀಪದ ಮೇಲೇ ಇಟ್ಟಳು. ಕತ್ತಲಾಗಿದ್ದರೆ ಇಷ್ಟು ಹೊತ್ತಿಗೆ ಕಿರುಚುತ್ತಿದ್ದಳು.

ಬೆಳಿಗ್ಗೆ ಫ್ಯೂಸ್ ಪೆಟ್ಟಿಗೆ ತೆರೆದಾಗ ಗಾಡಿ ಕಟ್ಟಿದವರ ಒಂದು ಸೋಮಾರಿ ಕೆಲಸ ಕಂಡಿತ್ತು: ಡಿಕ್ಕಿ ದೀಪಗಳಿಗೂ ಹಾಡಿನ ಪೆಟ್ಟಿಗೆಗೂ ಒಂದೇ ಫ್ಯೂಸ್. ಅದು ಸುಟ್ಟರೆ ಹಾಡು ನಿಲ್ಲುತ್ತದೆ. ದೀಪವೂ ಹೋಗುತ್ತದೆ. ಹಾಡು ನಿಂತ ಮೇಲೂ ಬಡಿಯುವುದು ಸಂಗುವಿಗೆ ಕೇಳಿಸದಿದ್ದರೆ ಉಳಿದ ದಾರಿಯೆಲ್ಲ ಕತ್ತಲೆ.

ಎರಡು ಸಲ ದೀಪದ ತಂತಿ ಹಿಡಿದು ಬಿಟ್ಟಳು. ಮೂರನೇ ಸಲ ಕಿತ್ತು, ಅದರ ತುದಿಯನ್ನು ಕಬ್ಬಿಣಕ್ಕೆ ತಾಗಿಸಿದಳು. ಒಂದು ಕಿಡಿ. ಕತ್ತಲೆ. ಹಾಡು ಸಾಲಿನ ನಡುವೆ ನಿಂತಿತು.

ಸ್ಕ್ರೂಡ್ರೈವರಿನ ಹಿಡಿಯಿಂದ ತಲೆಯ ಮೇಲಿನ ಕಬ್ಬಿಣವನ್ನು ಬಡಿದಳು. ಎಷ್ಟು ಸಲ ಎಂದು ಎಣಿಸಲಿಲ್ಲ. ಗಾಡಿ ನಿಧಾನವಾಯಿತು, ನಿಂತಿತು. ಮೊದಲ ಬಾಗಿಲು ತೆಗೆದ ಸದ್ದು, ಎರಡನೆಯದು, ಆಮೇಲೆ ಬಿಸಿಲು.

ಸಂಗು ಅವಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾರ, ನೀವು ತಿಕೋಟಾಕ್ಕ ಹೋಗೀರಿ ಅಂತ ತಿಳದಿದ್ನಿ," ಎಂದ.

"ಮೊದಲ ಕೈ ಕೊಡೋ," ಎಂದಳು. ಕಾಲು ಜೋಮು ಹಿಡಿದಿದ್ದವು.

ಮರುದಿನ ಬೆಳಿಗ್ಗೆ ಅವಳು ಬಂದು ಆರೂ ಡಿಕ್ಕಿಗೆ ಒಳಗಿನಿಂದ ಚಿಲಕ ಎಳೆಯುವ ತಂತಿ ಹಾಕಿದಳು. ಮೂರನೆಯದಕ್ಕೆ ಬಾಗಿಲು ಮುಟ್ಟುವಷ್ಟು ಉದ್ದದ ಗುಂಡಿ ಬಂದದ್ದು ಆಮೇಲೆ, ಶನಿವಾರ.