ಉಸಿರು ಬಿಟ್ಟ ಮೇಲಿನ ಚಿತ್ರ

ಬೇರೆಯವರ ಶ್ವಾಸಕೋಶ ಜೋಡಿಸಿದ ಮೇಲೆ ನನ್ನ ತಮ್ಮ ಬಸ್ಸಿನಲ್ಲಿ ಕಂಡಕ್ಟರಾಗಿ ಓಡಾಡಲಿಲ್ಲ. ಡಿಪೋದ ಕಿಟಕಿಯ ಹಿಂದೆ ಕೂತು ಪಾಸು ಕೊಡುತ್ತಿದ್ದ. ನಮಗೆ ಅಷ್ಟೇ ಸಾಕಾಗಿತ್ತು. ಈಚೆಗೆ ಮೆಟ್ಟಿಲ ನಡುವೆ ನಿಂತು ಚಪ್ಪಲಿ ಸರಿಮಾಡಿಕೊಳ್ಳುವ ನೆಪ ಶುರುವಾಯಿತು. ಊದುವ ಪರೀಕ್ಷೆ ನೋಡಿ ಡಾಕ್ಟರು, "ಮೈ ಆ ಹೊಸ ಶ್ವಾಸಕೋಶವನ್ನು ನಿಧಾನವಾಗಿ ತಿರಸ್ಕರಿಸ್ತಿದೆಯೋ ಏನೋ, ಸ್ಕ್ಯಾನಿನಲ್ಲಿ ನೋಡೋಣ" ಎಂದರು.

ಎರಡು ಚಿತ್ರ ತೆಗೆಯುತ್ತಾರೆ. ಉಸಿರು ತುಂಬಿಕೊಂಡಾಗ ಒಂದು, ಪೂರ್ತಿ ಬಿಟ್ಟಾಗ ಇನ್ನೊಂದು. ಚೆನ್ನಾಗಿರುವ ಶ್ವಾಸಕೋಶ ಗಾಳಿ ಬಿಟ್ಟ ಮೇಲೆ ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಕೊಳವೆಗಳು ಮುಚ್ಚಿಕೊಂಡಿದ್ದರೆ ಗಾಳಿ ಅಲ್ಲೇ ಸಿಕ್ಕಿ ಕಪ್ಪು ತೇಪೆಯಾಗಿ ಕಾಣುತ್ತದೆ. ಇದನ್ನೆಲ್ಲ ಡಾಕ್ಟರು ಅವನಿಗೂ ಬಿಡಿಸಿ ಹೇಳಿದ್ದರು. ಹೇಳದಿದ್ದರೇ ವಾಸಿಯಿತ್ತು.

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ತಮ್ಮ ನಕ್ಕ. "ಸೀಟು ಹಿಡ್ಕೊಂಡಿರಕ್ಕ, ಈ ಟ್ರಿಪ್ ಮುಗಿಸ್ಕೊಂಡು ಬರ್ತೀನಿ."

"ಹೋಗೋ, ಬಾಯಿಬಡುಕ."

ಸ್ವಲ್ಪ ಹೊತ್ತಿಗೆ ಸ್ಕ್ಯಾನ್ ಮಾಡುವ ಹುಡುಗಿ ಹೊರಗೆ ಬಂದಳು. "ಅಜ್ಜಿ, ಒಳಗೆ ಬನ್ನಿ. ಅವರು ಉಸಿರು ಬಿಡ್ತಾನೇ ಇಲ್ಲ."

ತಮ್ಮ ಮಲಗಿದ್ದ ಯಂತ್ರ ಗಾಜಿನ ಗೋಡೆಯ ಆಚೆ, ಅವಳ ಕಂಪ್ಯೂಟರ್ ಪರದೆ ಈಚೆ ಇತ್ತು. ಒಂದು ದುಂಡನೆಯ ಗುರುತಿನ ಮೇಲೆ ಬೆರಳಿಟ್ಟಳು. "ಇದು ಶ್ವಾಸನಾಳ. ಉಸಿರು ಬಿಟ್ರೆ ಇದರ ಹಿಂದಿನ ಗೋಡೆ ಒಳಕ್ಕೆ ಬಾಗ್ಬೇಕು. ನೋಡಿ, ಬಳೆ ಹಾಗಿದೆ. ಎದೆ ತುಂಬ ಗಾಳಿ ಇಟ್ಕೊಂಡು 'ಬಿಟ್ಟೆ' ಅಂತಾರೆ. ಸುಮ್ನೆ ಎಷ್ಟು ಸಲ ಕಿರಣ ಹಾಯಿಸ್ಲಿ? ನೀವಾದ್ರೂ ಹೇಳಿ."

ಬಿಟ್ಟರೆ ತಾನೆ ತೇಪೆ ಕಾಣುವುದು! ಒಳಗಿದ್ದವನಿಗೆ ಕೇಳಿಸುವ ಮೈಕಿಗೆ ಬಾಗಿದೆ.

"ಏನೋ ನಿನ್ನ ಆಟ?"

"ಅಕ್ಕಾ? ನೀನ್ಯಾಕೆ ಅಲ್ಲಿಗೆ ಬಂದೆ?"

"ಉಸಿರು ಬಿಡು."

"ಬಿಟ್ಟೆನಲ್ಲ."

"ನೀನು ಟಿಕೆಟ್ ಇಲ್ದೆ ಹತ್ತಿದವರ ಮುಖ ನೋಡಿದ್ರೇ ಗೊತ್ತಾಗುತ್ತೆ ಅಂತಿದ್ದೆ. ನಂಗೆ ನಿನ್ನ ಕಾಲು ನೋಡಿದ್ರೇ ಗೊತ್ತಾಗುತ್ತೆ ಕಣೋ."

ಗಾಜಿನಾಚೆ ಕಾಣುತ್ತಿದ್ದದ್ದು ಅವನ ಪಾದಗಳಷ್ಟೇ. ಬೆರಳುಗಳು ಬಿಗಿಯಾಗಿ ಮಡಚಿದ್ದವು. ಆಮೇಲೆ ಸಣ್ಣ ದನಿ ಬಂತು. "ಅಕ್ಕ, ಇನ್ನೊಂದಷ್ಟು ದಿನ ಗೊತ್ತಿಲ್ಲದ ಹಾಗೇ ಇರೋಣ."

ನನಗೂ ಅದೇ ಬೇಕಿತ್ತು. ಅಮ್ಮ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಆಪರೇಷನ್ ಆದಮೇಲೆ ಪಕ್ಕದಲ್ಲಿ ಕೂತು, "ತಗೋ, ಇನ್ನೂ ಆಳಕ್ಕೆ ತಗೋ" ಎಂದು ಉಸಿರು ಎಳೆದುಕೊಳ್ಳಲು ಕಲಿಸಿದವಳೂ ನಾನೇ. ಈಗ ಬಿಡು ಎನ್ನಬೇಕಾದವಳೂ ನಾನೇ. ಹುಡುಗಿ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.

"ಗೊತ್ತಾಗ್ದೆ ಇದ್ರೆ ಔಷಧಿ ಬದಲಾಯಿಸೋದು ಹ್ಯಾಗೋ? ಬಿಡಪ್ಪ. ಪೂರ್ತಿ ಬಿಡು. ಇನ್ನೂ… ಇನ್ನೂ… ಹಾಂ, ಹಾಗೇ ಇರು."

ಕಾಲ್ಬೆರಳುಗಳು ಸಡಿಲವಾದವು. ಪರದೆಯಲ್ಲಿ ಆ ಬಳೆ ಒಳಕ್ಕೆ ಬಾಗಿತ್ತು. ಅದರ ಎರಡೂ ಪಕ್ಕ, ಬೂದು ಬಣ್ಣದ ನಡುವೆ, ಅಲ್ಲೊಂದು ಇಲ್ಲೊಂದು ಕಪ್ಪು. ಹುಡುಗಿ ನನ್ನ ಮುಖ ನೋಡಲಿಲ್ಲ. "ಉಸಿರಾಡಿ" ಎಂದಳು ಅವನಿಗೆ.

ಸಂಜೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ತಿರಸ್ಕಾರ ಶುರುವಾಗಿದೆ. ಹೊಸ ಔಷಧಿ ಅದರ ವೇಗ ತಗ್ಗಿಸಬಹುದು. ಕಳೆದುಕೊಂಡದ್ದು ವಾಪಸು ಬರುವುದಿಲ್ಲ.

ತಮ್ಮ ಅಂಗಿಯ ತೋಳು ಎಳೆದುಕೊಳ್ಳುತ್ತ, "ನೀನು ಹೇಳ್ದೆ ಇದ್ದಿದ್ರೆ ನಾನು ಬಿಡ್ತಿರ್ಲಿಲ್ಲ" ಎಂದ.

ಬೈದನೋ, ಒಪ್ಪಿಕೊಂಡನೋ, ನಾನು ಕೇಳಲಿಲ್ಲ. ಡಾಕ್ಟರ ಕಡೆ ತಿರುಗಿ, ಔಷಧಿ ಇವತ್ತಿನಿಂದಲೇ ಕೊಡಬಹುದೇ ಎಂದೆ.