ಮೂರು ಬಾಲದ ಸವತಿ

ನಮ್ಮೂರ ಶಾಲೆಯ ಹಿಂದೆಯೇ ಹೊಳೆ. ಗಂಟೆ ಹೊಡೆದ ಕೂಡಲೇ ಪುಸ್ತಕ ದಡಕ್ಕೆಸೆದು ಧುಮುಕುತ್ತಿದ್ದೆವು. ಪಾಠ ನನ್ನ ತಲೆಗೆ ಹತ್ತಲಿಲ್ಲ, ನೀರು ಹತ್ತಿತು. ನೋಡಲು ಬಂದ ಗಂಡು ನೀರಿನ ಪ್ರೊಫೆಸರ್ ಎಂದಾಗ ಬೇರೇನೂ ಕೇಳದೆ ಒಪ್ಪಿಬಿಟ್ಟೆ. ಕೇಳಬೇಕಿತ್ತು. ಪುಣ್ಯಾತ್ಮನಿಗೆ ಈಜು ಬರುವುದಿಲ್ಲ.

ಮನೆಯೆದುರು ರಸ್ತೆ, ರಸ್ತೆಯಾಚೆ ಕೆರೆ. ಮದುವೆಯಾಗಿ ಬಂದ ಮರುದಿನವೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೆ. ಇವರು ಬಾಗಿಲಿಗೆ ಅಡ್ಡ ನಿಂತರು.

"ಊರಿನ ಚರಂಡಿಯೆಲ್ಲ ಅದಕ್ಕೇ ಬೀಳುತ್ತೆ. ಕಾಲೂ ಇಡಬೇಡ."

"ಮತ್ತೆ ಯಾವಾಗ ಇಳೀಲಿ?"

ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದರು. ಕಲ್ಲಿನಡಿ ಬದುಕುವ, ಉಗುರಿಗಿಂತ ಚಿಕ್ಕ ಹುಳು. ಹಿಂದೆ ಮೂರು ಬಾಲ. ಕೊಳಕು ನೀರಿನಲ್ಲಿ ಬಾಳುವುದಿಲ್ಲವಂತೆ.

"ಮೊದಲು ಈ ಕೆರೇಲಿ ಇದ್ದಳು. ಇವಳು ವಾಪಸ್ ಬಂದ ದಿನ ನೀನು ಇಳಿ."

ಸವತಿ ಬರಲಿ ಎಂದು ದಾರಿ ಕಾದ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿರಲಿಲ್ಲ, ತುಂಬ ಕೆರೆ ನೀರಿನ ಬಾಟಲಿ. ಒಮ್ಮೆ ನಮ್ಮಣ್ಣ ಬಾಯಾರಿ ಒಂದನ್ನು ಬಾಯಿಗೆತ್ತಿದ. "ಅಯ್ಯೋ ಭಾವ, ಅದು ನಾಲ್ಕನೇ ಮೋರಿ!" ಎಂದು ಇವರು ಚೀರಿದರು. ಅಂದಿನಿಂದ ಅಣ್ಣ ನಮ್ಮನೆಗೆ ಬಂದರೆ ನೀರು ಜೊತೆಗೇ ತರುತ್ತಾನೆ.

ನಗರಸಭೆಗೆ ಹೋಗಿ ಚರಂಡಿ ತಿರುಗಿಸಿ ಎಂದು ಇವರು ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. "ಕೆರೆ ಮೇಷ್ಟ್ರು ಬಂದ್ರು, ಮೂಗು ಮುಚ್ಕೊಳ್ಳಿ" ಎಂದು ಅಲ್ಲಿಯವರು ನಗುತ್ತಿದ್ದರಂತೆ. ಬೇರೆ ಊರಿನ ದೊಡ್ಡ ವಿಶ್ವವಿದ್ಯಾಲಯ ಕರೆದಾಗಲೂ ಇವರು ಹೋಗಲಿಲ್ಲ.

"ಅವಳು ಬಂದಾಗ ನಾನಿಲ್ಲಿ ಇರದಿದ್ರೆ?"

ಕೈಯಲ್ಲಿದ್ದ ಪಾತ್ರೆ ಎಸೆದೆ. ಅದರ ತಗ್ಗು ಇನ್ನೂ ಇದೆ.

ಇವರು ಕೆರೆಯ ಕಲ್ಲು ಮಗುಚಿ ನೋಡಿ ಬಂದ ಪ್ರತಿ ಸಂಜೆಯೂ ಒಂದೇ ಮಾತು.

"ಬಂದಳಾ?"

"ಇಲ್ಲ ಕಣೇ."

ಅಡುಗೆಮನೆ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಪಾತ್ರೆ ತೊಳೆಯುವಾಗ ಕೈ ನೀರಿನೊಳಗೇ ಸುಮ್ಮನೆ ನಿಂತುಬಿಡುತ್ತಿತ್ತು. ನಿದ್ದೆಯಲ್ಲಿ ಈಜುತ್ತಾ ಕೈ ಬೀಸಿ ಇವರ ಮೂಗಿಗೆ ಹೊಡೆದದ್ದೂ ಉಂಟು. ಇವರು ಬೈಯಲಿಲ್ಲ. "ಎಲ್ಲಿವರೆಗೂ ಹೋಗಿದ್ದೆ?" ಎಂದು ಕೇಳುತ್ತಿದ್ದರು.

ಕೊನೆಗೂ ನಗರಸಭೆಯವರು ಚರಂಡಿ ತಿರುಗಿಸಿದರು. ಬಾಟಲಿಗಳು ಒಳ್ಳೆಯ ಸುದ್ದಿ ಹೇಳತೊಡಗಿದವು. ಅವಳು ಮಾತ್ರ ಬರಲಿಲ್ಲ. ನನ್ನ ತಲೆ ನರೆಯಿತು, ಮಂಡಿ ಹಿಡಿಯಿತು. ಇವರು ನಿವೃತ್ತರಾಗುವ ವರ್ಷವೂ ಬಂತು.

ಮೊನ್ನೆ ಬೆಳಿಗ್ಗೆ ಇವರು ಬಾಗಿಲಲ್ಲಿ ನಿಂತಿದ್ದರು. ತೋಳು ಒದ್ದೆ, ಕೈಯಲ್ಲಿ ಬಿಳಿ ತಟ್ಟೆ. ಬಗ್ಗಿ ನೋಡಿದೆ. ಮೂರು ಬಾಲ.

"ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ಯೇ?" ಎಂದು ಹುಳಕ್ಕೇ ಬೈದೆ.

"ನೀರೆಲ್ಲ ಪರೀಕ್ಷೆ ಮಾಡಿದೀನಿ. ಹೋಗು," ಎಂದರು.

ಟವೆಲ್ ಹುಡುಕಲಿಲ್ಲ. ರಸ್ತೆ ದಾಟಿ, ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯಲ್ಲೇ ಇಳಿದೆ. ತಣ್ಣಗೆ ಹೊಟ್ಟೆಗೆ ಬಡಿಯಿತು. ಮಂಡಿಯ ನೋವು ದಡದಲ್ಲೇ ಉಳಿಯಿತು. ಕೈಕಾಲಿಗೆ ಏನೂ ಮರೆತಿರಲಿಲ್ಲ. ಸಾಕಷ್ಟು ದೂರ ಹೋಗಿ ತಿರುಗಿ ನೋಡಿದರೆ, ಇವರು ನನ್ನ ಚಪ್ಪಲಿ ಹಿಡಿದು ನಿಂತಿದ್ದಾರೆ.

"ಏಯ್, ಹೇಗಿದೆ ನೀರು?"

ಊರಿಗೆಲ್ಲ ಇದೇ ಪ್ರಶ್ನೆಗೆ ಉತ್ತರ ಹೇಳುತ್ತಾ ಬಂದ ಮನುಷ್ಯ!

"ನೀವೇ ಬಂದು ನೋಡ್ರಿ!"

ಚಪ್ಪಲಿ ಕೆಳಗಿಟ್ಟು, ಪ್ಯಾಂಟು ಮಡಚಿ, ಮಂಡಿಯುದ್ದ ನೀರಿಗೆ ಬಂದು ನಿಂತರು. ಮುಂದಕ್ಕೆ ಹೆಜ್ಜೆ ಏಳಲಿಲ್ಲ. ಆ ಕಣ್ಣಿನ ಆಸೆ ನನಗೆ ಗೊತ್ತಿತ್ತು. ಕಿಟಕಿಯ ಗಾಜಿನಲ್ಲಿ, ನನ್ನ ಕಣ್ಣಲ್ಲೇ, ದಿನಾ ನೋಡಿದ್ದೆ.

ನಾನು ಈಜಿ ಹತ್ತಿರ ಬಂದೆ.

"ಬನ್ರೀ, ಹಿಡ್ಕೋತೀನಿ. ಆಳ ಎಷ್ಟು ಅಂತ ನಿಮಗಿಂತ ಯಾರಿಗ್ರೀ ಗೊತ್ತು?"

"ಗೊತ್ತು ಕಣೇ. ಅದಕ್ಕೇ ಹೆದರಿಕೆ."

ಕೈ ಚಾಚಿದೆ.