ಲೂರ್ದಮ್ಮನ ಗೋದಲಿ

ದಸರೆಗೆ ಗೊಂಬೆ ಕೂರಿಸುವುದರಲ್ಲಿ ಇಡೀ ವಿದ್ಯಾರಣ್ಯಪುರಂನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ಪಕ್ಕದ ಮನೆಗೆ ಹೊಸದಾಗಿ ಬಂದ ಲೂರ್ದಮ್ಮ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟಿದ್ದಾರೆಂದು ತಿಳಿದು, ಇವರದು ಹೇಗಿದೆಯೋ ನೋಡೇಬಿಡೋಣ ಎಂದು ಹೋದೆ. ಹುಲ್ಲು ಹೊದಿಸಿದ ಪುಟ್ಟ ಕೊಟ್ಟಿಗೆ, ಸುತ್ತಲೂ ಹಸಿರು ರಾಗಿ ಪೈರು, ಮೇರಿ ಮಾತೆ, ಜೋಸೆಫ್, ಕುರಿ, ದನ ಎಲ್ಲವೂ ಇದ್ದವು. ನಡುವೆ ಮಗು ಮಲಗುವ ಜಾಗ ಮಾತ್ರ ಖಾಲಿ. ಪಾಪ, ಗೊಂಬೆ ಒಡೆದುಹೋಗಿರಬೇಕು ಎಂದುಕೊಂಡೆ. ಅವರು ಕಾಫಿ ತರಲು ಒಳಗೆ ಹೋದಾಗ ಮನೆಗೆ ಓಡಿ, ನನ್ನ ಅಂಬೆಗಾಲು ಕೃಷ್ಣನನ್ನು ತಂದು ಅಲ್ಲಿಟ್ಟೆ.

ಲೂರ್ದಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

“ಮಗು ಇನ್ನೂ ಹುಟ್ಟೇ ಇಲ್ಲ ಕಣ್ರೀ! ಹಬ್ಬದ ದಿನ ಚರ್ಚಿಗೆ ಹೋಗ್ಬಂದು ಇಡ್ತೀವಿ. ಅಲ್ಲೀವರ್ಗೂ ಕಾಯ್ಬೇಕು. ಲೋಕವೆಲ್ಲಾ ಅವನಿಗೋಸ್ಕರ ಕಾದಿತ್ತಲ್ಲ, ಅದನ್ನ ನೆನೆಸ್ಕೊಳ್ಳೋದಿಕ್ಕೆ.”

ಕೃಷ್ಣನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿತ್ತರು. ಆಮೇಲೆ ಪ್ರತಿ ವರ್ಷ ಗೋದಲಿ ಕಟ್ಟಲು ನಾನೂ ಹೋಗುತ್ತಿದ್ದೆ. ಕುರಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಇಬ್ಬರೂ ಕಿತ್ತಾಡುತ್ತಿದ್ದೆವು. ಆ ಜಗಳಗಳು ಈಗಲೂ ಬೇಕೆನಿಸುತ್ತವೆ.

ಈ ವರ್ಷ ಆಷಾಢದಲ್ಲಿ ಲೂರ್ದಮ್ಮ ತೀರಿಕೊಂಡರು. ಡಿಸೆಂಬರ್ ಬಂದರೂ ಅವರ ಯಜಮಾನರು ಅಂತೋಣಪ್ಪ ಬಾಗಿಲಿಗೆ ನಕ್ಷತ್ರ ಕಟ್ಟಲಿಲ್ಲ. ಗೋದಲಿಯೂ ನಿಂತುಹೋದರೆ ನನ್ನ ಗೆಳತಿ ಆ ಮನೆಯಿಂದ ಪೂರ್ತಿ ಹೊರಟುಹೋಗುತ್ತಾರೆ ಎಂದು ಸಂಕಟವಾಯಿತು. ರಾಗಿ ಮೊಳೆಸಿದ ತಟ್ಟೆ ಹಿಡಿದು ನೇರವಾಗಿ ಒಳಗೆ ನುಗ್ಗಿದೆ.

“ಬೇಡಿ ಮಂಜುಳಮ್ಮ. ದುಃಖದ ಮನೇಲಿ ಹಬ್ಬ ಏನ್ ಬಂತು?” ಎಂದರು ಅಂತೋಣಪ್ಪ.

“ನಿಮ್ಮನೆಯೋರೇ ಹೇಳ್ತಿದ್ರಲ್ರೀ, ಎಲ್ಲೂ ಜಾಗ ಸಿಗ್ದೆ ಯೇಸು ಕೊಟ್ಟಿಗೇಲಿ ಹುಟ್ಟಿದ್ದು ದಿಕ್ಕಿಲ್ದೋರ ಹತ್ರ ಇರೋದಿಕ್ಕೇ ಅಂತ! ಈ ಮನೆ ಬಿಟ್ಟು ಇನ್ನೆಲ್ಲಿಗ್ರೀ ಬರ್ಬೇಕು ಅವ್ನು?”

ರೇಗಿದವಳು ಅಲ್ಲೇ ಅತ್ತುಬಿಟ್ಟೆ. ಅವರು ಸ್ಟೂಲು ಹತ್ತಿ, ಅಟ್ಟದಿಂದ ಗೊಂಬೆಗಳ ಪೆಟ್ಟಿಗೆ ಇಳಿಸಿದರು. ಗೋದಲಿ ಕಟ್ಟಿದೆವು. ಈ ಸಲ ಕುರಿಗಳ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಕ್ರಿಸ್‌ಮಸ್ ಬೆಳಗ್ಗೆ ಅಂತೋಣಪ್ಪ ಚರ್ಚಿನಿಂದ ಬಂದವರೇ ನನ್ನನ್ನು ಕರೆದರು. ಅವರ ಅಂಗೈಯಲ್ಲಿ ಬಾಲಯೇಸು ಇದ್ದ. ಇಷ್ಟು ವರ್ಷವೂ ಅವನನ್ನು ಮಲಗಿಸುತ್ತಿದ್ದವರು ಲೂರ್ದಮ್ಮ.

“ಇಡಿ, ಇನ್ಮೇಲೆ ನೀವೇ ತಾನೆ” ಎಂದೆ.

“ನಮ್ಮಲ್ಲಿ ಮನೇಲಿ ಎಲ್ರಿಗಿಂತ ಚಿಕ್ಕೋರು ಇಡ್ಬೇಕು. ನಮ್ಗೆ ಮಕ್ಕಳಿಲ್ವಲ್ಲ, ಅದಕ್ಕೇ ಅವಳು ಇಡ್ತಿದ್ಳು.” ಗೊಂಬೆಯನ್ನು ನನ್ನ ಕಡೆಗೆ ಚಾಚಿದರು. “ಈಗ ಈ ಮನೇಲಿ ಚಿಕ್ಕೋರು ನೀವೇ ಕಣಮ್ಮ.”

ಮಂಡಿನೋವಿನ ಮುದುಕಿ ನಾನು, ತಲೆಯೆಲ್ಲ ನರೆತಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಮಗುವನ್ನು ತೆಗೆದುಕೊಂಡೆ.